ಶೆಟ್ಟಿ ಅಂಗಡಿಯ ದಾಸ್ತಾನು: ಬೊಂಬೆ ಹಬ್ಬದಲ್ಲಿ ಕಾಣೆಯಾದ ಹ್ಯಾಮ್‌ಸ್ಟರ್, ಒಂದು ಪ್ರಕರಣ

ನನ್ನ ಕಸುಬು ಲೆಕ್ಕ ಪರಿಶೋಧನೆ. ಮೂವತ್ತು ವರ್ಷದಿಂದ ಬೇರೆಯವರ ಗೋದಾಮಿನಲ್ಲಿ ನಿಂತು ಮೂಟೆ ಎಣಿಸಿದ್ದೇನೆ. ನಮ್ಮ ಮನೆಯಲ್ಲೇ ಒಂದು ದಿನ ಕಡಲೆಕಾಳು ಎಣಿಸಬೇಕಾಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಣಿಸಿದ್ದಾಯಿತು. ಅದರ ವಿವರ ಇಲ್ಲಿದೆ. ಎಲ್ಲಿ ಎಡವಿದೆ ಅನ್ನುವುದನ್ನೂ ಬಿಟ್ಟಿಲ್ಲ. ಇಲಿಯ ಹಾಗಿರುವ ಸಾಕುಪ್ರಾಣಿ ಹ್ಯಾಮ್‌ಸ್ಟರ್ ತಪ್ಪಿಸಿಕೊಂಡರೆ ಮನೆಮಂದಿಯೆಲ್ಲ ಮಾಡುವ ತಪ್ಪುಗಳನ್ನು ನಾವು ಸಾಲಾಗಿ, ಒಂದನ್ನೂ ಬಿಡದೆ ಮಾಡಿದೆವು.

ಹಿನ್ನೆಲೆ

ಮೈಸೂರಿನ ಸರಸ್ವತಿಪುರದಲ್ಲಿ ನಮ್ಮದು ಹಳೇ ಕಾಲದ ಮನೆ. ಕೆಂಪು ರೆಡ್‌ಆಕ್ಸೈಡ್ ನೆಲ, ನಡುವೆ ಹಜಾರ, ಸುತ್ತ ಮೂರು ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು. ಬಾಗಿಲುಗಳು ತೇಗದವು, ಭದ್ರವಾಗಿವೆ. ಆದರೆ ಅವುಗಳ ಕೆಳಗೆ ಒಂದೊಂದು ಬೆರಳು ತೂರುವಷ್ಟು ಸಂದು. ಮನೆಯಲ್ಲಿ ಅಮ್ಮ, ನಾನು, ಹೆಂಡತಿ, ಏಳನೇ ಕ್ಲಾಸಿನ ಮಗ. ಐದನೆಯವನು ಅಚ್ಚು. ಮಂಡ್ಯದ ಅಚ್ಚುಬೆಲ್ಲದ ಬಣ್ಣ ಇದ್ದದ್ದರಿಂದ ಆ ಹೆಸರು. ಸಿರಿಯನ್ ಜಾತಿಯ ಗಂಡು ಹ್ಯಾಮ್‌ಸ್ಟರ್, ಒಂದು ವರ್ಷದ್ದು. ಭಾನುವಾರ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ಮಗ ಅದನ್ನು ತೂಗಿ ಬರೆದಿಡುತ್ತಾನೆ. ಕಾಣೆಯಾಗುವ ಹಿಂದಿನ ಭಾನುವಾರ 128 ಗ್ರಾಂ ಇತ್ತು.

ಈ ಜಾತಿಯ ಚರಿತ್ರೆಯಲ್ಲೇ ತಪ್ಪಿಸಿಕೊಳ್ಳುವುದಿದೆ. 1930ರಲ್ಲಿ ಜೆರುಸಲೇಮಿನ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಸಿರಿಯಾದ ಅಲೆಪ್ಪೊ ಬಳಿ ಹೊಲವೊಂದನ್ನು ಅಗೆಸಿ ಒಂದು ತಾಯಿಯನ್ನೂ ಮರಿಗಳನ್ನೂ ಹಿಡಿದು ತಂದ. ಅವುಗಳಲ್ಲಿ ಕೆಲವು ಮರದ ಗೂಡನ್ನು ಕಡಿದುಕೊಂಡು ಪರಾರಿಯಾದವು. ಉಳಿದ ಕೆಲವೇ ಕೆಲವು ಮರಿಗಳಿಂದ ಇವತ್ತು ಜಗತ್ತಿನ ಮನೆಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳೆಲ್ಲ ಹೆಚ್ಚುಕಮ್ಮಿ ಹುಟ್ಟಿ ಬಂದಿವೆ. ಅಂದಮೇಲೆ ನಮ್ಮ ಅಚ್ಚುವಿನದು ವಂಶದ ಗುಣ.

ಪಂಜರದ ಬಾಗಿಲು ಮೇಲಕ್ಕೆ ಸರಿಸುವ ತಂತಿಯದು, ಅದಕ್ಕೊಂದು ಕೊಕ್ಕೆ. ನವರಾತ್ರಿಯ ಮೂರನೇ ದಿನ ಸಂಜೆ ಮಗ ಮರದ ಹೊಟ್ಟು ಬದಲಾಯಿಸಿ ಬಾಗಿಲು ಇಳಿಸಿದ. ಕೊಕ್ಕೆ ಹಾಕಲಿಲ್ಲ. ಬೀದಿಯ ಹುಡುಗರೆಲ್ಲ ಬೊಂಬೆ ಬಾಗಿನಕ್ಕೆ ಹೊರಟಿದ್ದರು, ಇವನಿಗೂ ಅವಸರ. ಸರಿಯುವ ಬಾಗಿಲನ್ನು ಹ್ಯಾಮ್‌ಸ್ಟರ್ ಮೂತಿಯಿಂದ ಎತ್ತಬಲ್ಲದು. ಬೆಳಿಗ್ಗೆ ಆರಕ್ಕೆ ನೋಡಿದರೆ ಬಾಗಿಲು ಒಂದಿಂಚು ಮೇಲಕ್ಕೆದ್ದು ಓರೆಯಾಗಿ ಸಿಕ್ಕಿಕೊಂಡಿತ್ತು. ಒಳಗೆ ಅಚ್ಚು ಹತ್ತಿ ಓಡುವ ಚಕ್ರ ನಿಂತಿತ್ತು. ಮಗ ಅಳುತ್ತಿದ್ದ. ಅಮ್ಮ, “ಇಲಿ ಬಂತು ಅಂತ ಅಳೋರನ್ನ ನೋಡಿದ್ದೆ, ಇಲಿ ಹೋಯ್ತು ಅಂತ ಅಳೋರನ್ನ ಇವತ್ತೇ ನೋಡಿದ್ದು” ಅಂದರು.

ಮೊದಲ ದಿನ

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆವು, ಅದನ್ನು ಮೊದಲು ಹೇಳಿಬಿಡುತ್ತೇನೆ. ಅಡುಗೆಮನೆಯ ಅಟ್ಟದ ಮೇಲೆ, ಗ್ಯಾಸ್ ಸಿಲಿಂಡರಿನ ಹಿಂದೆ ಇಲಿಪಾಷಾಣದ ಬಿಲ್ಲೆ ಇಟ್ಟಿದ್ದೆವು. ಈಗ ಮಾರುವ ಬಿಲ್ಲೆಗಳಲ್ಲಿ ಬಹಳಷ್ಟು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ತಿಂದ ಪ್ರಾಣಿ ಅಲ್ಲೇ ಬೀಳುವುದಿಲ್ಲ, ನಾಲ್ಕಾರು ದಿನ ಓಡಾಡಿಕೊಂಡಿದ್ದು ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಹಾಗಾಗಿ ಅಚ್ಚು ಜೀವಂತ ಸಿಕ್ಕರೂ ಉಳಿಯುವ ಖಾತ್ರಿ ಇರುತ್ತಿರಲಿಲ್ಲ. ಹುಡುಕುವುದಕ್ಕೂ ಮೊದಲು ಎಲ್ಲ ಬಿಲ್ಲೆಗಳನ್ನೂ ಎಣಿಸಿ ತೆಗೆದೆ. ಐದು ಇಟ್ಟಿದ್ದೆ, ಐದೂ ಹಲ್ಲು ತಾಗದೆ ಸಿಕ್ಕವು. ಬಚ್ಚಲ ಮೋರಿಯ ಜಾಲರಿಯ ಮೇಲೆ ಕಲ್ಲು ಹೇರಿದೆ. ಹಾಲಿಗೆ ಬರುವ ಬೀದಿ ಬೆಕ್ಕಿಗೆ ಹಿತ್ತಿಲ ಬಾಗಿಲು ಬಂದ್. ವಾಷಿಂಗ್ ಮೆಷಿನ್ ಯಾರೂ ಮುಟ್ಟಕೂಡದು ಅಂತ ಚೀಟಿ ಅಂಟಿಸಿದ್ದಾಯಿತು, ಅದರ ಅಡಿಭಾಗ ತೆರೆದೇ ಇರುತ್ತದೆ. ಪಕ್ಕದ ಮನೆಯವರು ಪಾಪ, ಒಳ್ಳೆ ಮನಸ್ಸಿನಿಂದ ಅಂಟಿನ ಹಲಗೆ ತಂದುಕೊಟ್ಟರು. ಕೈಮುಗಿದು ವಾಪಸು ಕಳಿಸಿದೆ. ಆ ಅಂಟಿಗೆ ಸಿಕ್ಕಿದ ಪ್ರಾಣಿ ಬಿಡಿಸಿಕೊಳ್ಳಲು ಹೋಗಿ ಚರ್ಮವನ್ನೇ ಹರಿದುಕೊಳ್ಳುತ್ತದೆ.

ಅಲ್ಲಿಂದ ಮುಂದೆ ಮಾಡಿದ್ದೆಲ್ಲ ಬುದ್ಧಿ ಇಲ್ಲದ ಕೆಲಸ. ಹಗಲಿಡೀ ಬೀರು ಎಳೆದೆವು, ಮಂಚ ಎತ್ತಿದೆವು, ಫ್ರಿಜ್ಜಿನ ಹಿಂದೆ ಟಾರ್ಚು ಬಿಟ್ಟೆವು. ಹ್ಯಾಮ್‌ಸ್ಟರ್ ಹಗಲು ಮಲಗುವ ಪ್ರಾಣಿ. ಕಣ್ಣು ಮಂದ, ಕಿವಿ ನಮಗೆ ಕೇಳದ್ದನ್ನೂ ಕೇಳುವಷ್ಟು ಚುರುಕು. ಆಕಾಶ ಬಿದ್ದ ಹಾಗೆ ಬೀರು ಕಿರುಗುಟ್ಟಿದರೆ ಅದು ಇನ್ನೂ ಒಳಗೆ ಸರಿದುಕೊಳ್ಳುತ್ತದೆಯೇ ಹೊರತು “ಇಲ್ಲಿದ್ದೀನಿ” ಅಂತ ಬರುವುದಿಲ್ಲ. ಮಗ ಹೆಸರು ಹಿಡಿದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ.

ರಾತ್ರಿ ಬಕೆಟ್ ಇಟ್ಟೆವು. ಇದು ಎಲ್ಲರೂ ಹೇಳುವ ಉಪಾಯ: ಪುಸ್ತಕಗಳನ್ನು ಮೆಟ್ಟಿಲ ಹಾಗೆ ಜೋಡಿಸಿ, ಬಕೆಟ್ಟಿನ ತಳಕ್ಕೆ ಮೆತ್ತಗೆ ಟಿಶ್ಯೂ ಹಾಸಿ, ಮೇಲೆ ತಿಂಡಿ. ಹತ್ತಿ ಬರುತ್ತದೆ, ಇಳಿಯುತ್ತದೆ, ನುಣುಪಾದ ಗೋಡೆ ಹತ್ತಲಾಗದೆ ಉಳಿಯುತ್ತದೆ. ನಾನು ತೆಗೆದುಕೊಂಡದ್ದು ಬಚ್ಚಲಿನ ಸಣ್ಣ ಬಕೆಟ್, ಆಳ ಒಂದು ಗೇಣು. ಬಿದ್ದರೆ ಪೆಟ್ಟಾಗದಿರಲಿ ಅಂತ ಮಗ ಅರ್ಧ ಬಕೆಟ್ ಟಿಶ್ಯೂ ತುಂಬಿದ್ದ. ಬೆಳಿಗ್ಗೆ ನೋಡಿದರೆ ತಿಂಡಿ ಇಲ್ಲ. ಟಿಶ್ಯೂನಲ್ಲೂ ಮುಕ್ಕಾಲು ಪಾಲು ಇಲ್ಲ. ಬಂದು, ಉಂಡು, ಹಾಸಿಗೆ ಸುತ್ತಿಕೊಂಡು ಹೋಗಿದ್ದ ಮಹಾರಾಯ.

ಆದರೂ ನನಗೆ ಅದೊಂದು ನೆಮ್ಮದಿ. ಟಿಶ್ಯೂ ಒಯ್ದಿದ್ದಾನೆ ಅಂದರೆ ಬದುಕಿದ್ದಾನೆ, ಮನೆಯೊಳಗೇ ಇದ್ದಾನೆ, ಎಲ್ಲೋ ಮನೆ ಹೂಡುತ್ತಿದ್ದಾನೆ. ಓಡಿಹೋದವನಲ್ಲ, ವಿಳಾಸ ಬದಲಾಯಿಸಿದವನು.

ಶೆಟ್ಟಿಯ ಲೆಕ್ಕ

ಎರಡನೇ ದಿನ ಸಂಜೆ ಅಮ್ಮ ಮೊಮ್ಮಗನನ್ನು ಗದರಿಸುತ್ತಿದ್ದರು. ಬೊಂಬೆ ಸಾಲಿನ ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ, ಶೆಟ್ಟಮ್ಮ ಕೂತು ಅಂಗಡಿ ಇಟ್ಟಿರುತ್ತಾರಲ್ಲ, ಮುಂದೆ ಅಕ್ಕಿ, ರಾಗಿ, ತೊಗರಿಬೇಳೆ, ಹೆಸರುಕಾಳು, ಕಡಲೆಕಾಳು, ಕಡಲೆಕಾಯಿ ಬೀಜದ ಗುಡ್ಡೆ, ಪಕ್ಕದಲ್ಲಿ ಹಿತ್ತಾಳೆಯ ಪುಟ್ಟ ಪುಟ್ಟ ಸೇರು, ಪಾವು, ಚಟಾಕು. ಆ ಕಡಲೆಕಾಯಿ ಬೀಜ ಪೂರ್ತಿ ಖಾಲಿ. ಕಡಲೆಕಾಳಿನ ಗುಡ್ಡೆ ಅರ್ಧ. “ಶೆಟ್ಟಿ ಅಂಗಡೀಗೇ ಕನ್ನ ಹಾಕ್ತೀಯೇನೋ?” ಅಂದರೆ ಹುಡುಗ, “ನಾನಲ್ಲ ಅಜ್ಜೀ, ಅದು ಹಸೀ ಕಡಲೆ, ಯಾರು ತಿಂತಾರೆ” ಅಂದ. ನಾನು ಪೇಪರ್ ಓದುತ್ತಾ ಎರಡನ್ನೂ ಕೇಳಿಸಿಕೊಂಡೆ. ಒಂದಕ್ಕೊಂದು ಸೇರಿಸಲಿಲ್ಲ. ಕಚೇರಿಯಲ್ಲಿ ಇಂಥ ತಪ್ಪನ್ನು ನನ್ನ ಕೈಕೆಳಗಿನ ಹುಡುಗ ಮಾಡಿದ್ದರೆ ಸುಮ್ಮನಿರುತ್ತಿರಲಿಲ್ಲ.

ಆ ರಾತ್ರಿ ಮನೆಯನ್ನು ಕೋಣೆ ಕೋಣೆಯಾಗಿ ಬೇರ್ಪಡಿಸಿದೆ. ಬಾಗಿಲು ಹಾಕಿ, ಕೆಳಗಿನ ಸಂದಿಗೆ ಸುರುಳಿ ಸುತ್ತಿದ ಟವೆಲ್ ಒತ್ತರಿಸಿ, ಹಜಾರ, ಮಗನ ಕೋಣೆ, ನಮ್ಮ ಕೋಣೆ, ಅಡುಗೆಮನೆ, ನಾಲ್ಕರಲ್ಲೂ ಹತ್ತತ್ತು ಸೂರ್ಯಕಾಂತಿ ಬೀಜ ಇಟ್ಟೆ. ಹೊಸ್ತಿಲುಗಳ ಒಳಗಡೆ ಹೆಜ್ಜೆ ಮೂಡಲಿ ಅಂತ ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿದೆ. ರಂಗೋಲಿ ಪುಡಿ ಕೈಗೆ ಹತ್ತಿರವಿತ್ತು, ಆದರೆ ಅದು ಕಲ್ಲಿನ ಪುಡಿ, ಸಣ್ಣ ಜೀವದ ಮೂಗಿಗೆ ಒಳ್ಳೆಯದಲ್ಲ. ಅಕ್ಕಿಹಿಟ್ಟಿನ ಉಪಾಯ ಕೆಟ್ಟಿತು. ಬೆಳಗಾಗುವಷ್ಟರಲ್ಲಿ ಕೆಂಜಿರುವೆ ದಂಡು ಬಂದು ಇದ್ದಬದ್ದ ಗುರುತನ್ನೆಲ್ಲ ಕಲಸಿಹಾಕಿತ್ತು. ಬೀಜದ ಲೆಕ್ಕ ಮಾತ್ರ ಚೊಕ್ಕವಾಗಿ ಸಿಕ್ಕಿತು. ಮಗನ ಕೋಣೆ 10ಕ್ಕೆ 10. ನಮ್ಮ ಕೋಣೆ 10ಕ್ಕೆ 10. ಹಜಾರ 10ಕ್ಕೆ ಸೊನ್ನೆ, ಒಂದೇ ಒಂದು ಸಿಪ್ಪೆಯೂ ಇಲ್ಲ. ಅಡುಗೆಮನೆ 10ಕ್ಕೆ 6, ಉಳಿದ ನಾಲ್ಕರ ಸಿಪ್ಪೆ ಅಲ್ಲೇ ಬಿದ್ದಿತ್ತು.

ಮಗ ಅಡುಗೆಮನೆಯತ್ತ ಓಡಿದ, ಸಿಪ್ಪೆ ನೋಡಿ. ನಾನು ತಡೆದೆ. ಎರಡು ಕೈಬರಹ ಬೇರೆ ಬೇರೆ. ಹ್ಯಾಮ್‌ಸ್ಟರಿಗೆ ಎರಡೂ ಕೆನ್ನೆಯೊಳಗೆ ಭುಜದ ತನಕ ಹೋಗುವ ಚೀಲಗಳಿವೆ. ಸಿಕ್ಕಿದ್ದನ್ನು ಅದರಲ್ಲಿ ತುರುಕಿಕೊಂಡು ಗೂಡಿಗೆ ಒಯ್ದು ಕೂಡಿಡುವುದು ಅದರ ಹುಟ್ಟುಗುಣ. ಜರ್ಮನ್ ಭಾಷೆಯಲ್ಲಿ ಕೂಡಿಟ್ಟುಕೊಳ್ಳುವುದಕ್ಕೆ ಇರುವ ಒಂದು ಕ್ರಿಯಾಪದ ಈ ಪ್ರಾಣಿಯ ಹೆಸರಿನಿಂದಲೇ ಬಂದಿದೆ. ಹಜಾರದಲ್ಲಿ ಹತ್ತನ್ನೂ ಗುಡಿಸಿ ಒಯ್ದವನು ಅಚ್ಚು. ಅಡುಗೆಮನೆಯಲ್ಲಿ ಅಲ್ಲೇ ಕೂತು ಸುಲಿದು ತಿಂದವನು ನಮ್ಮ ಹಳೇ ಬಾಡಿಗೆದಾರ, ಯಾರಿಗಾಗಿ ಬಿಲ್ಲೆ ಇಟ್ಟಿದ್ದೆವೋ ಅವನು. ಬಿಲ್ಲೆ ತೆಗೆದ ಸಂತೋಷದಲ್ಲಿ ಬಂದಿದ್ದ.

ಹಜಾರದಲ್ಲಿ ಇರುವುದು ಸೋಫಾ, ಟೀವಿ ಮತ್ತು ಬೊಂಬೆ ಸಾಲು. ನಾನು ಸೋಫಾ ಬಗ್ಗಿ ನೋಡುತ್ತಿರುವಾಗ ಅಮ್ಮ ಶೆಟ್ಟಿಯ ಮುಂದೆ ಕೂತು, “ಇವತ್ತು ಹೆಸರುಕಾಳೂ ಕಮ್ಮಿ” ಅಂದರು. ಆಗ ತಲೆಗೆ ಹೊಳೆಯಿತು.

ಏಳು ಮೆಟ್ಟಿಲಿನ ಬೊಂಬೆ ಸಾಲು ಅಂದರೆ ಮೇಲೆ ಕಾಣುವುದು ಇಸ್ತ್ರಿ ಮಾಡಿದ ಬಿಳಿ ಪಂಚೆ. ಒಳಗೆ ಎರಡು ಟ್ರಂಕು, ಹಳೇ ಮೇಜು, ಹಲಗೆ, ಇಟ್ಟಿಗೆ. ಬೊಂಬೆಗಳನ್ನು ವರ್ಷವಿಡೀ ಸುತ್ತಿಟ್ಟಿದ್ದ ಹತ್ತಿ, ಹಳೇ ಸೀರೆ ಚೂರು, ನ್ಯೂಸ್‌ಪೇಪರ್, ಒಣಹುಲ್ಲು, ಇವನ್ನೆಲ್ಲ ಮತ್ತೆ ಬೇಕಾಗುತ್ತದೆ ಅಂತ ಅದರಡಿಗೇ ನೂಕಿರುತ್ತೇವೆ. ಕಾಡಿನಲ್ಲಿ ಈ ಪ್ರಾಣಿ ಅರ್ಧ ಮೀಟರಿಗಿಂತ ಆಳಕ್ಕೆ ಬಿಲ ತೋಡಿ, ಒಂದು ಕೋಣೆಯಲ್ಲಿ ಮಲಗಿ ಇನ್ನೊಂದರಲ್ಲಿ ಕಾಳು ಕೂಡಿಡುತ್ತದೆ. ಇಲ್ಲಿ ತೋಡುವ ಕಷ್ಟವೂ ಇಲ್ಲ. ಕತ್ತಲೆ, ಹತ್ತಿ, ಎದುರಿಗೇ ದಿನಸಿ ಅಂಗಡಿ.

“ಹಾಗಾದ್ರೆ ಬಿಚ್ಚೋಣ” ಅಂದೆ. ಅಮ್ಮ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ ಕೂತಿದ್ದಾರೆ. ಅವು ಅಮ್ಮನ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಬೊಂಬೆ. ಕಳಸ ಇಟ್ಟಾಗಿದೆ. ವಿಜಯದಶಮಿ ರಾತ್ರಿ ಒಂದು ಬೊಂಬೆಯನ್ನು ಮಲಗಿಸುವ ತನಕ ಒಂದು ಹಲಗೆಯೂ ಅಲುಗಾಡಕೂಡದು. ಇನ್ನು ನಾಲ್ಕು ದಿನ. ವಿಜಯದಶಮಿಯಂದು ಅರಮನೆ ಕಡೆಯಿಂದ 21 ಕುಶಾಲತೋಪು ಬೇರೆ. ಆನೆ ಕುದುರೆಗಳು ಬೆದರಬಾರದು ಅಂತ ಅವಕ್ಕೆ ಮೊದಲೇ ಸಿಡಿಮದ್ದಿನ ತಾಲೀಮು ಕೊಡುತ್ತಾರೆ, 128 ಗ್ರಾಮಿನ ಪ್ರಾಣಿಗೆ ತಾಲೀಮು ಕೊಡುವವರು ಯಾರು? ಒಟ್ಟಿನಲ್ಲಿ ಷರತ್ತು ಇದು: ಇರುವ ಜಾಗ ಗೊತ್ತು, ಆದರೆ ಮುಟ್ಟುವ ಹಾಗಿಲ್ಲ. ಅವನಾಗಿಯೇ ಹೊರಗೆ ಬರಬೇಕು.

ಹಿಂದೆ ತಿರುಗಿ ನೋಡಿದರೆ ಆ ಷರತ್ತು ಒಳ್ಳೆಯದೇ ಮಾಡಿತು. ಬಿಚ್ಚಿದ್ದರೆ ಟ್ರಂಕು ಎಳೆಯುವಾಗ ಅವನು ಅಡಿಗೆ ಸಿಕ್ಕಿ ಅಪ್ಪಚ್ಚಿಯಾಗುವ ಸಾಧ್ಯತೆಯೇ ಹೆಚ್ಚಿತ್ತು.

ಮೂರನೇ ರಾತ್ರಿಗೆ ಎರಡು ಕೆಲಸ. ಒಂದು, ಐವತ್ತು ಕಡಲೆಕಾಳನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ಶೆಟ್ಟಿಯ ಮುಂದೆ ಎಣಿಸಿ ಇಟ್ಟೆ. ನಾವು ವೋಚರಿನ ಮೇಲೆ ಹಾಕುವ ಟಿಕ್ ಮಾರ್ಕು ಇದ್ದ ಹಾಗೆ, ಎಲ್ಲಿ ಸಿಕ್ಕರೂ ಗುರುತು ಹಿಡಿಯಬಹುದು. ಎರಡು, ಈ ಸಲ ಎರಡು ಗೇಣು ಆಳದ ಸ್ಟೀಲ್ ಬಕೆಟ್ಟನ್ನು ಬೊಂಬೆ ಸಾಲಿನ ಪಕ್ಕದಲ್ಲೇ ಇಟ್ಟು, ಒಳಗೆ ಸೌತೆಕಾಯಿ ಹೋಳು ಹಾಕಿದೆ. ಮೂರು ದಿನ ನೀರಿಲ್ಲದವನು ಸೌತೆಕಾಯಿ ವಾಸನೆಗೆ ಬಾರದೆ ಇರುತ್ತಾನೆಯೇ?

ಬರಲಿಲ್ಲ. ಬೆಳಿಗ್ಗೆ ಸೌತೆಕಾಯಿ ಬಾಡಿ ಹಾಗೇ ಬಿದ್ದಿತ್ತು. ಶೆಟ್ಟಿಯ ಮುಂದೆ 50ಕ್ಕೆ ಉಳಿದದ್ದು 11.

ಅವತ್ತು ಸರಸ್ವತಿ ಪೂಜೆ. ಬಕೆಟ್ಟಿಗೆ ಮೆಟ್ಟಿಲಾಗಿದ್ದ ಪುಸ್ತಕಗಳನ್ನೆಲ್ಲ ಅಮ್ಮ ಎತ್ತಿಕೊಂಡು ಹೋಗಿ ಅರಿಶಿನ ಕುಂಕುಮ ಹಚ್ಚಿ ಪೂಜೆಗೆ ಇಟ್ಟರು, ಇನ್ನು ಅವನ್ನು ಮುಟ್ಟುವ ಹಾಗಿಲ್ಲ. ಬಕೆಟ್ ಯೋಜನೆ ಅಲ್ಲಿಗೆ ಮುಗಿಯಿತು. ನಾನು ಶೆಟ್ಟಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತೆ. ಪಕ್ಕದಲ್ಲಿ ಅಮ್ಮ ಮಾಡಿದ ಬೃಂದಾವನ ಇತ್ತು. ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿ ಬೆರಳುದ್ದ ಹಸಿರು ಬರಿಸಿದ ಪಾರ್ಕು, ನಡುವೆ ಕನ್ನಡಿ ಚೂರಿನ ಕೊಳ. ಅದರ ಗೋಡೆ ಕಡೆಯ ಮೂಲೆಯಲ್ಲಿ ಪೈರು ಕತ್ತರಿಸಿದ ಹಾಗೆ ಮೊಂಡಾಗಿತ್ತು.

ಊಟ, ನೀರು, ಹಾಸಿಗೆ, ಕತ್ತಲೆ. ನಾನು ಬಕೆಟ್ಟಿನಲ್ಲಿ ಇಟ್ಟು ಕರೆಯುತ್ತಿದ್ದುದೆಲ್ಲ ಅವನ ಮನೆಯಲ್ಲಿ ಆಗಲೇ ಇದ್ದದ್ದು. ತುಂಬಿದ ಮನೆಯವನನ್ನು ಊಟಕ್ಕೆ ಕರೆದರೆ ಯಾಕೆ ಬರುತ್ತಾನೆ? ಹಾಗಾದರೆ ಅಲ್ಲಿ ಇಲ್ಲದ್ದು ಯಾವುದು? ಮಗನನ್ನು ಕೇಳಿದೆ. ಅವನು ಒಂದು ಕ್ಷಣವೂ ಯೋಚಿಸದೆ, “ಚಕ್ರ” ಅಂದ.

ನಾಲ್ಕನೇ ರಾತ್ರಿ

ರಾತ್ರಿಯೊಂದಕ್ಕೆ ಹಲವು ಕಿಲೋಮೀಟರ್ ಓಡುವ ಪ್ರಾಣಿ ಅದು. ಚಕ್ರ ಪಂಜರದ ಬೇಸರ ಕಳೆಯಲು ಮಾತ್ರ ಅಂತ ನಾನು ತಿಳಿದಿದ್ದೆ, ಹಾಗಲ್ಲ. ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದವರು ಬಯಲಿನಲ್ಲಿ ಚಕ್ರ ಇಟ್ಟು ಕ್ಯಾಮೆರಾ ಹೂಡಿ, 2014ರಲ್ಲಿ ಅದರ ವಿವರ ಪ್ರಕಟಿಸಿದ್ದಾರೆ. ಪಂಜರ ಕಂಡೇ ಇರದ ಕಾಡಿನ ಇಲಿಗಳು ತಾವಾಗಿ ಬಂದು ಹತ್ತಿ ಓಡಿದ್ದವು, ಕಪ್ಪೆಯೂ ಹತ್ತಿತ್ತು. ಅಂದರೆ ಓಟದ ಹಂಬಲ ಪಂಜರದಿಂದ ಬಂದದ್ದಲ್ಲ.

ಸಂಜೆ ಬಾಗಿನಕ್ಕೆ ಬಂದ ಮಕ್ಕಳೆಲ್ಲ ಹೋಗಲಿ ಅಂತ ಕಾದೆವು. ಹೆಂಡತಿ ಅಕ್ಕನ ಮನೆಯವರನ್ನು ಅರಮನೆ ದೀಪ ತೋರಿಸಲು ಕರೆದುಕೊಂಡು ಹೋಗಿದ್ದಳು, ಹತ್ತೂವರೆಗೆ ಬಂದಳು. ಆಮೇಲೆ ಶೆಟ್ಟಿಯ ಅಂಗಡಿ ಮೇಲೆ ಸ್ಟೀಲ್ ಬೋಗುಣಿ ಕವುಚಿದೆ. ಬೃಂದಾವನದ ತಟ್ಟೆಯನ್ನು ಎತ್ತಿ ಮೇಜಿನ ಮೇಲಿಟ್ಟೆ, ಅದಕ್ಕೆ ಅಮ್ಮ ಒಪ್ಪಿದರು. ತೊಳೆಯದ ಪಂಜರವನ್ನು, ಅವನದೇ ವಾಸನೆಯ ಹಳೇ ಹೊಟ್ಟಿನ ಸಮೇತ, ಪಂಚೆಯ ಅಂಚಿನಿಂದ ಒಂದು ಮೊಳ ದೂರದಲ್ಲಿಟ್ಟೆ. ಬಾಗಿಲು ಮೇಲಕ್ಕೆತ್ತಿ, ಅದಕ್ಕೆ ಹೂ ಕಟ್ಟುವ ದಾರ ಬಿಗಿದು, ದಾರದ ತುದಿ ಸೋಫಾದ ಮೇಲೆ ಕೂತ ಮಗನ ಕೈಗೆ. ಬಿಟ್ಟರೆ ಬಾಗಿಲು ಬೀಳುತ್ತದೆ. ದೀಪ ಆರಿಸಿದೆವು. ಬೀದಿ ದೀಪದ ಬೆಳಕು ಕಿಟಕಿಯಿಂದ ಬಂದು ರಾಜ ರಾಣಿಯ ಕಿರೀಟದ ಜರಿಯ ಮೇಲೆ ಬಿದ್ದಿತ್ತು.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಬೋಗುಣಿಯ ಮೇಲೆ ಉಗುರಿನ ಸದ್ದು. ಕೆರೆದ, ಸುತ್ತಿದ, ಮತ್ತೆ ಕೆರೆದ. ಅಂಗಡಿ ಬಂದ್ ಆಗಿರುವುದು ಅವನಿಗೆ ನಂಬಿಕೆಯಾಗುತ್ತಿರಲಿಲ್ಲ. ಆಮೇಲೆ ಸದ್ದಿಲ್ಲ. ಆಮೇಲೆ ಪಂಜರದ ಒಳಗಿಂದ ಚಕ್ರ ಒಮ್ಮೆ ಕಿಣಕ್ ಅಂತು.

ನಾನು ಎದ್ದೆ. ಯಾಕೆ ಎದ್ದೆನೋ, ಏಳಬೇಕಾದ ಕೆಲಸವೇ ಇರಲಿಲ್ಲ. ದಾರ ಮಗನ ಕೈಲಿತ್ತು. ಸೋಫಾ ನರಳಿತು, ನನ್ನ ಹೆಜ್ಜೆ ನೆಲಕ್ಕೆ ತಾಗಿತು, ಒಂದು ಕಂದು ಗೆರೆ ಪಂಜರದಿಂದ ಪಂಚೆಯ ಅಡಿಗೆ ಹರಿದುಹೋಯಿತು. ಮಗ ಕತ್ತಲಲ್ಲೇ, “ಅಪ್ಪಾ...” ಅಂದ. ಬೇರೇನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಎರಡು ಗಂಟೆ ಹೊತ್ತು ಉಸಿರು ಬಿಗಿ ಹಿಡಿದು ಕೂತೆವು. ನನಗೆ ಎರಡು ಸಲ ತೂಕಡಿಕೆ ಬಂತು, ಅವನಿಗೆ ಬರಲಿಲ್ಲ. ಎರಡು ಗಂಟೆ ಹತ್ತು ನಿಮಿಷಕ್ಕೆ ಮತ್ತೆ ಕಿಣಕ್. ಈ ಸಲ ಮಗ ದಾರ ಬಿಡಲೇ ಇಲ್ಲ. ಮೊದಲು ಚಕ್ರ ನಿಧಾನವಾಗಿ, ಎರಡು ಸುತ್ತಿಗೊಮ್ಮೆ ನಿಲ್ಲುತ್ತಾ ತಿರುಗಿತು. ಕಿವಿಗೊಟ್ಟು ಕೇಳುತ್ತಿದ್ದನೋ ಏನೋ. ಆಮೇಲೆ ಓಟ ಹತ್ತಿತು. ಕಿರ್‌ಕಿರ್ ಒಂದೇ ಸಮ, ನಾಲ್ಕು ದಿನದ ಬಾಕಿ ತೀರಿಸುವವನ ಹಾಗೆ. ಅವನ ಚಕ್ರದ ಸದ್ದೇ ಅವನ ಕಿವಿ ತುಂಬಿದಾಗ ಮಗ ದಾರ ಬಿಟ್ಟ. ತಂತಿ ಬಾಗಿಲು ಠಣ್ ಅಂತು. ಚಕ್ರ ನಿಲ್ಲಲೂ ಇಲ್ಲ.

ಕೈ ಹಾಕಿ ಎತ್ತಲು ಹೋಗಲಿಲ್ಲ. ಬೆದರಿದ ಹ್ಯಾಮ್‌ಸ್ಟರ್ ಎಷ್ಟು ಸಾಕಿದ್ದರೂ ಕಚ್ಚುತ್ತದೆ. ಕೊಕ್ಕೆ ಹಾಕಿ, ನೀರಿನ ಸೀಸೆ ಸಿಕ್ಕಿಸಿ, ಹಾಗೇ ಪಂಜರ ಎತ್ತಿಕೊಂಡು ಮಗನ ಕೋಣೆಗೆ ಹೋದೆವು. ಓಟ ಮುಗಿಸಿ ಅಚ್ಚು ಮೂಲೆಗೆ ಹೋಗಿ ಎರಡೂ ಮುಂಗಾಲಿನಿಂದ ಕೆನ್ನೆ ನೀವಿಕೊಂಡು ಚೀಲ ಖಾಲಿ ಮಾಡಿದ. ಅರಿಶಿನ ಬಣ್ಣದ ಕಡಲೆ, ಐದು. ಮರುದಿನ ತೂಕ ಹಾಕಿದರೆ 131 ಗ್ರಾಂ. ಬೇಟೆಗಾರರು ನಿದ್ದೆಗೆಟ್ಟು ಸೊರಗಿದ್ದೆವು, ಅವನು ಮೂರು ಗ್ರಾಂ ಹೆಚ್ಚಿದ್ದ. ಕಾಲು, ಹಲ್ಲು, ಹಿಕ್ಕೆ ಎಲ್ಲ ನೆಟ್ಟಗಿದ್ದವು. ಕೊಕ್ಕೆಯ ಜೊತೆಗೆ ಈಗ ಪೇಪರ್ ಕ್ಲಿಪ್ಪೂ ಇದೆ. ಆಯುಧಪೂಜೆಗೆ ಸ್ಕೂಟರ್, ಸೈಕಲ್ಲಿನ ಜೊತೆ ಪಂಜರದ ಮೇಲ್ತಂತಿಗೂ ಮಗ ಕುಂಕುಮ ಇಟ್ಟ. ಚಕ್ರ ಇದ್ದದ್ದೆಲ್ಲ ವಾಹನ ಅನ್ನುವುದು ಅವನ ವಾದ.

ವಿಜಯದಶಮಿ ರಾತ್ರಿ ಅಮ್ಮ ರಾಣಿಯನ್ನು ಮಲಗಿಸಿದರು. ಮಾರನೇ ದಿನ ಸಾಲು ಬಿಚ್ಚಿದೆವು. ಎರಡನೇ ಟ್ರಂಕಿನ ಹಿಂದೆ, ಗೋಡೆ ಮೂಲೆಯಲ್ಲಿ, ಬೊಗಸೆಯಷ್ಟು ದೊಡ್ಡ ಗೂಡು. ನಮ್ಮ ಟಿಶ್ಯೂ, ಬೊಂಬೆ ಸುತ್ತಿದ ಹತ್ತಿ, ಹುಲ್ಲು, ನಾಪತ್ತೆಯಾಗಿದೆ ಅಂತ ಯಾರಿಗೂ ಗೊತ್ತೇ ಇರದ ಶೆಟ್ಟಿಯ ಪೇಟದ ಚೂರು. ಅದರ ಪಕ್ಕದಲ್ಲಿ ಪ್ರತ್ಯೇಕವಾಗಿ ದಾಸ್ತಾನು. ಸೂರ್ಯಕಾಂತಿ ಬೀಜ ಆರು, ನಾಲ್ಕರ ಸಿಪ್ಪೆ. ಅಲ್ಲಿಗೆ ಹಜಾರದ ಹತ್ತು ಸರಿಹೋಯಿತು. ಕಡಲೆಕಾಯಿ ಬೀಜ ಹದಿನೇಳು. ಹೆಸರುಕಾಳು, ಬಣ್ಣವಿಲ್ಲದ ಕಡಲೆ ಒಂದು ಪಾವಿಗೆ ಸ್ವಲ್ಪ ಕಮ್ಮಿ, ಶೆಟ್ಟಿಯ ಪಾವು. ಅರಿಶಿನದ ಕಡಲೆ 27.

ಶೆಟ್ಟಿಯ ಅಂಗಡಿಯಿಂದ ಹೋದದ್ದು 39. ಕೆನ್ನೆಯಿಂದ ವಸೂಲಾದದ್ದು 5, ಗೂಡಿನಲ್ಲಿ 27. ಉಳಿದ ಏಳಕ್ಕಾಗಿ ಸೋಫಾ ಎತ್ತಿಸಿದೆ, ಟ್ರಂಕು ಕೊಡವಿದೆ. “ತಿಂದಿರತ್ತೆ ಬಿಡೋ” ಅಂದರು ಅಮ್ಮ. ಸಿಪ್ಪೆ ಎಲ್ಲಿ ಅಂತ ಕೇಳಿದೆ. ಉತ್ತರ ಬರಲಿಲ್ಲ. ಪುಸ್ತಕದಲ್ಲಿ ಆ ಏಳರ ಎದುರು ‘ವೋಚರ್ ಇಲ್ಲ’ ಅಂತಲೇ ಬರೆದಿದ್ದೇನೆ.